ಕಾರಿನ ವಯಸ್ಸಲ್ಲ, ಕಂಡೀಷನ್ ನೋಡಿ

ಹಳೆಯ ಕಾರಿನ ಬಗ್ಗೆ ನಮ್ಮ ಕಾಲೇಜಿನಲ್ಲಿ ಎರಡೇ ಅಭಿಪ್ರಾಯಗಳಿವೆ. ಮೊಬೈಲಿನಲ್ಲಿ ಕಂಡರೆ ಅದು ‘ಕ್ಲಾಸಿಕ್’. ಅದೇ ಕಾರನ್ನು ಯಾರದೋ ಅಬ್ಬಾ ಕಾಲೇಜು ಗೇಟಿನವರೆಗೆ ಓಡಿಸಿಕೊಂಡು ಬಂದರೆ ‘ಡಬ್ಬಾ’. ರೀಲ್ಸ್‌ನಲ್ಲಿ ಬಂದ ಪದ್ಮಿನಿಗೆ ಲೈಕ್ ಒತ್ತಿದ ಬೆರಳೇ, ಗೇಟಿನ ಮುಂದೆ ನಿಂತ ಪದ್ಮಿನಿಯನ್ನು ತೋರಿಸಿ ನಗುತ್ತದೆ. ಎರಡೂ ಒಂದೇ ಕಾರು. ವ್ಯತ್ಯಾಸವಿರುವುದು ಅದನ್ನು ಓಡಿಸುವವರ ಜೇಬಿನಲ್ಲಿ.

ಹಳೆಯ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸಬಹುದೇ ಎಂಬ ಪ್ರಶ್ನೆಗೆ ಈ ಎರಡು ಅಭಿಪ್ರಾಯಗಳಲ್ಲಿ ಯಾವುದೂ ಉತ್ತರವಲ್ಲ. ನನ್ನ ಅಭಿಪ್ರಾಯ ಇಷ್ಟು: ದೂರ ಕಡಿಮೆ ಇದ್ದರೆ, ಬ್ರೇಕ್, ಬೆಲ್ಟ್, ಹೊಗೆ ಈ ಮೂರೂ ಸರಿ ಇದ್ದರೆ, ಹಳೆಯ ಕಾರು ದಿನದ ಸವಾರಿಗೆ ಖಂಡಿತ ಆಗುತ್ತದೆ. ಹೆದ್ದಾರಿ ಹಿಡಿದು ದಿನಾ ಬೆಂಗಳೂರಿಗೆ ಹೋಗಿಬರುವುದಕ್ಕೆ ಆಗುವುದಿಲ್ಲ. ಸರ್ಕಾರವಾಗಲಿ ನಾವಾಗಲಿ ಕಾರನ್ನು ಅಳೆಯಬೇಕಾದದ್ದು ಅದು ಹುಟ್ಟಿದ ವರ್ಷದಿಂದಲ್ಲ, ಈಗ ಅದು ಇರುವ ಸ್ಥಿತಿಯಿಂದ. ಈ ಮಾತನ್ನು ಅಭಿಮಾನದಿಂದ ಮಾತ್ರವಲ್ಲ, ಲೆಕ್ಕ ಹಾಕಿ ಹೇಳುತ್ತಿದ್ದೇನೆ. ನಮ್ಮ ಅಬ್ಬಾ ಮೆಕ್ಯಾನಿಕ್. ಗ್ಯಾರೇಜಿನಲ್ಲಿ ಕೇಳಿದ್ದನ್ನೂ ಪಿಯುಸಿ ಫಿಸಿಕ್ಸ್‌ನಲ್ಲಿ ಓದಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇನೆ.

ಮೊದಲು ಯಾವ ಕಾರುಗಳ ಮಾತು ಎಂದು ಸ್ಪಷ್ಟ ಮಾಡಿಕೊಳ್ಳೋಣ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲೋ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲೋ ಇರುವಂಥ ರಾಜಮಹಾರಾಜರ ಕಾಲದ ಕಾರುಗಳಲ್ಲ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ಕಾಣುವ ಕಾರುಗಳು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಲ್ಲಿ 1950ರ ದಶಕದ ಕೊನೆಯಲ್ಲಿ ಶುರುವಾಗಿ 2014ರವರೆಗೂ ತಯಾರಾದ ಅಂಬಾಸಿಡರ್. ಫಿಯೆಟ್ 1100 ಎಂದು ಬಂದು 1974ರಲ್ಲಿ ಹೆಸರು ಬದಲಿಸಿಕೊಂಡ ಪ್ರೀಮಿಯರ್ ಪದ್ಮಿನಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800. ನಮ್ಮ ಬೆಂಗಳೂರಿನಲ್ಲೇ ಕಾರು ತಯಾರಾಗುತ್ತಿತ್ತು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. 1980ರ ದಶಕದಲ್ಲಿ ಸಿಪಾನಿ ಕಂಪನಿ ಫೈಬರ್ ಬಾಡಿಯ ‘ಡಾಲ್ಫಿನ್’ ಕಾರನ್ನು ಮಾಡಿತು. 2001ರಲ್ಲಿ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಬೆಂಗಳೂರಿನಿಂದಲೇ ಬಂತು. ‘ನಾಳೆಯ ಕಾರು’ ಎನಿಸಿಕೊಂಡಿದ್ದ ಆ ರೇವಾಕ್ಕೂ ಈಗ ಇಪ್ಪತ್ತು ವರ್ಷ ದಾಟಿದೆ. ಇಂದು ಶೋರೂಮಿನಲ್ಲಿ ಹೊಳೆಯುವ ಕಾರೂ ಒಂದು ದಿನ ಈ ಸಾಲಿಗೇ ಬಂದು ನಿಲ್ಲುತ್ತದೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಇಲ್ಲೊಂದು ವಿಚಿತ್ರವಿದೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬೈಕು ಮತ್ತು ಕಾರುಗಳು ಈ ವರ್ಗಕ್ಕೆ ಬರುತ್ತವೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಷರತ್ತು ಏನೆಂದರೆ, ಹೀಗೆ ನೋಂದಣಿಯಾದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಅಂದರೆ ‘ಕ್ಲಾಸಿಕ್’ ಎಂಬ ಗೌರವ ಬೇಕಾದರೆ ಕಾರು ಮನೆಯಲ್ಲಿರಬೇಕು. ಕೆಲಸಕ್ಕೆ ಹೋಗಬೇಕಾದರೆ ಅದು ಸಾಮಾನ್ಯ ನೋಂದಣಿಯಲ್ಲೇ ಇರಬೇಕು.

ಸಾಮಾನ್ಯ ನೋಂದಣಿಯ ಕಥೆ ಬೇರೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಟಿಒ ಕಚೇರಿಗೆ ಕೊಂಡೊಯ್ದು ತೋರಿಸಿ, ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ನವೀಕರಣದ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಲಾಯಿತು. 20 ವರ್ಷ ದಾಟಿದ ಬೈಕಿಗೆ 2,000. ದೆಹಲಿಯಲ್ಲಂತೂ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಓಡಬಾರದೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅದರ ಸುತ್ತ ವಾದ ವಿವಾದ ಆಮೇಲೂ ನಡೆದಿದೆ. ಮುಂಬೈಯಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇದ್ದದ್ದರಿಂದ, ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಪೂರ್ತಿ ಮರೆಯಾದವು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಅಂಥ ಕಡ್ಡಾಯ ನಿವೃತ್ತಿ ಇಲ್ಲ. ಅದಕ್ಕೇ ನಮ್ಮಲ್ಲಿ ಈ ಚರ್ಚೆಗೆ ಇನ್ನೂ ಅರ್ಥವಿದೆ.

ಶುಲ್ಕ ಏರಿಸಿದ್ದು ತಪ್ಪೇ ಎಂದು ಕೇಳಬಹುದು. ತಪ್ಪು ಎನ್ನುವುದಕ್ಕಿಂತ ಕುರುಡು ಎನ್ನುತ್ತೇನೆ. ತಿಂಗಳಿಗೆ ಇನ್ನೂರು ಕಿಲೋಮೀಟರ್ ಓಡುವ, ಇಂಜಿನ್ ಚೊಕ್ಕವಾಗಿರುವ ಮಾರುತಿಗೂ, ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್ ಓಡಿ ನೀಲಿ ಹೊಗೆ ಬಿಡುವ ಮಾರುತಿಗೂ ಒಂದೇ ಶುಲ್ಕ. ಇನ್ನೊಂದೆಡೆ, ಎಂಟೇ ವರ್ಷದ ಕಾರು ಸರ್ವಿಸ್ ಕಾಣದೆ, ಬ್ರೇಕ್ ಪ್ಯಾಡ್ ಸವೆದು, ಬೋಳು ಟೈರಿನಲ್ಲಿ ಓಡುತ್ತಿದ್ದರೂ ಅದಕ್ಕೆ ಹದಿನೈದು ವರ್ಷ ತುಂಬುವವರೆಗೆ ಎಮಿಷನ್ ಟೆಸ್ಟ್ ಬಿಟ್ಟರೆ ಬೇರೆ ಯಾವ ತಪಾಸಣೆಯೂ ಇಲ್ಲ. ಇದು ವಯಸ್ಸನ್ನು ನೋಡಿ ಕಾಯಿಲೆ ಹೇಳಿದ ಹಾಗೆ.

ಇನ್ನು, ಇಂಥ ಕಾರನ್ನು ಜನ ಯಾಕೆ ಇಟ್ಟುಕೊಂಡಿದ್ದಾರೆ? ಹಳೆಯ ಹಾಡು ಕೇಳುತ್ತಾ ಓಡಿಸುವ ಖುಷಿಗಾಗಿ ಎನ್ನುವವರು ಕೆಲವರಿದ್ದಾರೆ. ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚಿನವರ ಕಾರಣ ಬೇರೆ.

ಹೊಸ ಕಾರಿಗೆ ಐದು ಲಕ್ಷ ಸಾಲ ಮಾಡಿದರೆ, ನೂರಕ್ಕೆ 9ರ ಬಡ್ಡಿಯಲ್ಲಿ ಐದು ವರ್ಷ ತಿಂಗಳಿಗೆ ಸುಮಾರು 10,400 ರೂಪಾಯಿ ಕಂತು. ಒಟ್ಟು ಕಟ್ಟುವುದು ಆರು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅದರಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಬರೀ ಬಡ್ಡಿ. ನಮ್ಮ ಎಷ್ಟೋ ಮನೆಗಳಲ್ಲಿ ಬಡ್ಡಿಯ ಸಾಲ ಬೇಡ ಎಂಬುದು ಈಮಾನಿನ ವಿಷಯ. ಬೇರೆ ಮನೆಗಳಲ್ಲಿ ಅದು ಲೆಕ್ಕದ ವಿಷಯ. ಮಗ್ಗದ ಕೂಲಿ, ಹಣ್ಣಿನ ಗಾಡಿ, ಸಣ್ಣ ಅಂಗಡಿಯ ಆದಾಯದಲ್ಲಿ ಪ್ರತಿ ತಿಂಗಳು ಹತ್ತು ಸಾವಿರ ಎತ್ತಿಡುವುದು ಸುಲಭವಲ್ಲ. ಇಂಥ ಮನೆಯವರಿಗೆ ಕೈಯಲ್ಲಿದ್ದ ನಗದು ಕೊಟ್ಟು, ಯಾರ ಹಂಗೂ ಇಲ್ಲದೆ ಮನೆಗೆ ತರಬಹುದಾದ ಕಾರು ಹಳೆಯ ಕಾರೊಂದೇ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ಮಳೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು, ಅಂಗಡಿಗೆ ಮಾಲು ತರಲು ಅದು ಸಾಕು. ಅದನ್ನು ‘ಡಬ್ಬಾ’ ಎಂದು ನಗುವಾಗ, ಸಾಲ ಮಾಡದೆ ಬದುಕುತ್ತೇನೆ ಎಂದು ಗಟ್ಟಿಯಾಗಿ ನಿಂತ ಒಬ್ಬರನ್ನು ನೋಡಿ ನಗುತ್ತಿದ್ದೇವೆ ಎಂಬುದು ನೆನಪಿರಲಿ.

ಈ ನಗುವಿಗೆ ಇನ್ನೊಂದು ಕಡೆ ಬೆಲೆ ತೆರುವವರು ಹೆಣ್ಣುಮಕ್ಕಳ ತಂದೆತಾಯಿ. ನಿಖಾ ಮಾತುಕತೆಯಲ್ಲಿ ‘ನಮಗೇನೂ ಬೇಡ’ ಎಂದು ಶುರು ಮಾಡಿದವರೇ ಕೊನೆಗೆ ‘ಹುಡುಗನಿಗೆ ಒಂದು ಕಾರು’ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಕಾರು ಹೊಸದೇ ಆಗಿರಬೇಕು, ಬಣ್ಣವೂ ಅವರು ಹೇಳಿದ್ದೇ ಆಗಿರಬೇಕು. ಹಳೆಯದನ್ನು ಓಡಿಸುವುದು ಅವಮಾನ ಎಂದು ನಾವು ಹದಿನೇಳನೇ ವಯಸ್ಸಿನಲ್ಲಿ ಕಲಿತರೆ, ಇಪ್ಪತ್ತೇಳನೇ ವಯಸ್ಸಿನಲ್ಲಿ ಅದನ್ನು ಇನ್ನೊಬ್ಬರ ಅಪ್ಪನಿಂದ ವಸೂಲು ಮಾಡುತ್ತೇವೆ. ಇಸ್ರಾಫ್ ಬೇಡ, ದುಂದು ಬೇಡ ಎಂದು ಜುಮಾ ಬಯಾನ್‌ನಲ್ಲಿ ಕೇಳಿ ತಲೆಯಾಡಿಸುವ ನಾವು, ಅದನ್ನು ಮಸೀದಿಯ ಹೊರಗೆ ನಿಂತ ಗಾಡಿಗಳಿಗೂ ಅನ್ವಯಿಸಬೇಕಲ್ಲವೇ?

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಪೂರ್ತಿ ಕೇಳಬೇಕು. ಅದರಲ್ಲಿ ಮೊದಲನೆಯದು, ಅತಿ ಮುಖ್ಯವಾದದ್ದು, ಸುರಕ್ಷತೆ.

‘ಹಳೇ ಕಾರು ಗಟ್ಟಿ ತಗಡು, ಗುದ್ದಿದರೂ ಏನೂ ಆಗಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಜನಪ್ರಿಯ. ಕಾರಿಗೆ ಏನೂ ಆಗದಿರಬಹುದು. ಒಳಗೆ ಕೂತವರಿಗೆ ಆಗುತ್ತದೆ. ಫಸ್ಟ್ ಪಿಯುಸಿಯ ಫಿಸಿಕ್ಸ್ ನೆನಪಿಸಿಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. 60 ಕಿಲೋ ತೂಕದ ಮನುಷ್ಯ ಆ ವೇಗದಿಂದ 0.05 ಸೆಕೆಂಡಿನಲ್ಲಿ ನಿಂತರೆ ಅವನ ಮೇಲೆ ಬೀಳುವ ಸರಾಸರಿ ಬಲ ಸುಮಾರು 17,000 ನ್ಯೂಟನ್. ಅಂದರೆ ಒಂದೂವರೆ ಟನ್ನಿಗೂ ಹೆಚ್ಚಿನ ಭಾರ. ನಿಲ್ಲುವ ಕಾಲ 0.1 ಸೆಕೆಂಡಿಗೆ ಹಿಗ್ಗಿದರೆ ಬಲ ಅರ್ಧಕ್ಕೆ ಇಳಿಯುತ್ತದೆ. ಹೊಸ ಕಾರಿನ ಮುಂಭಾಗ ನಜ್ಜುಗುಜ್ಜಾಗುವುದು ಅದು ತೆಳು ಎಂಬ ಕಾರಣಕ್ಕಲ್ಲ, ನಮಗೆ ಆ ಹೆಚ್ಚುವರಿ ಕಾಲವನ್ನು ಕೊಡಲಿ ಎಂದೇ ಹಾಗೆ ಮಾಡಿರುತ್ತಾರೆ. ಗಟ್ಟಿ ಕಾರು ಮಡಚುವುದಿಲ್ಲ. ಮಡಚಬೇಕಾದ್ದು ನಮ್ಮ ಪಕ್ಕೆಲುಬು.

ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಮೇಲಿಂದ ಮೇಲೆ ಒತ್ತಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕೆಂಬ ನಿಯಮ ಬಂದದ್ದು 1994ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲಿ ಬೆಲ್ಟೇ ಇಲ್ಲ. ಡ್ರೈವರ್ ಬದಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಹಾಗೆಂದು ‘ಹೊಸದೆಲ್ಲ ಸುರಕ್ಷಿತ’ ಎಂದುಕೊಳ್ಳುವುದೂ ಬೇಡ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ಪರೀಕ್ಷಿಸಿದಾಗ ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್ ಬಂತು. ಆಗ ಅವು ಹೊಚ್ಚ ಹೊಸ ಕಾರುಗಳು.

ಆದ್ದರಿಂದ ವೇಗವೇ ಇಲ್ಲಿ ನಿರ್ಣಾಯಕ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟು, ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರವೂ ನಾಲ್ಕು ಪಟ್ಟು. ಊರೊಳಗೆ ಮೂವತ್ತು ನಲವತ್ತರಲ್ಲಿ ಓಡುವ ಹಳೆಯ ಕಾರು ಬೇರೆ. ದೇವನಹಳ್ಳಿಯಿಂದ ಹೆಬ್ಬಾಳದ ಕಡೆಗೆ ಏರ್‌ಪೋರ್ಟ್ ರಸ್ತೆಯಲ್ಲಿ ಎಂಬತ್ತರಲ್ಲಿ ಓಡುವ ಅದೇ ಕಾರು ಬೇರೆ. ನೆಲಮಂಗಲದ ಟೋಲ್ ದಾಟಿದ ಮೇಲೆ, ಹೊಸಕೋಟೆಯಿಂದ ಕೋಲಾರದ ದಿಕ್ಕಿನಲ್ಲಿ, ಲಾರಿ ಮತ್ತು ವೋಲ್ವೊ ಬಸ್ಸುಗಳ ನಡುವೆ ಅದಕ್ಕೆ ಜಾಗವಿಲ್ಲ. ಮುಂದಿನ ಗಾಡಿ ಡಿಸ್ಕ್ ಬ್ರೇಕ್ ಮತ್ತು ಎಬಿಎಸ್‌ನಿಂದ ತಟ್ಟನೆ ನಿಂತಾಗ ಹಿಂದಿನ ಡ್ರಮ್ ಬ್ರೇಕಿನ ಕಾರು ಎಲ್ಲಿ ನಿಲ್ಲಬೇಕು? ದಾರಿಯಲ್ಲಿ ಬಿದ್ದ ಮುಳ್ಳನ್ನು ಎತ್ತಿ ಬದಿಗೆ ಹಾಕುವುದೂ ಪುಣ್ಯ ಎಂದು ಕಲಿತವರು ನಾವು. ನಮ್ಮ ಗಾಡಿಯೇ ದಾರಿಯ ಮುಳ್ಳಾಗಬಾರದು.

ಎರಡನೆಯ ವಾದ ಹೊಗೆ. ಇಲ್ಲೂ ಲೆಕ್ಕ ಮಾಡೋಣ.

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿಬರಲು ದಿನಕ್ಕೆ ಸುಮಾರು 80 ಕಿಲೋಮೀಟರ್. ತಿಂಗಳಿಗೆ 25 ದಿನ ಎಂದರೆ 2,000 ಕಿಲೋಮೀಟರ್. ಹಳೆಯ ಅಂಬಾಸಿಡರ್ ಲೀಟರಿಗೆ 10 ಕೊಟ್ಟರೆ 200 ಲೀಟರ್ ಪೆಟ್ರೋಲ್ ಬೇಕು. ಹೊಸ ಸಣ್ಣ ಕಾರು 18 ಕೊಟ್ಟರೆ 111 ಲೀಟರ್ ಸಾಕು. ವ್ಯತ್ಯಾಸ 89 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 8,900 ರೂಪಾಯಿ. ಹೊಸ ಕಾರಿನ ಕಂತಿಗೆ ಹತ್ತಿರ ಬಂತು! ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆ ಲೆಕ್ಕದಲ್ಲಿ ಹಳೆಯ ಕಾರು ವರ್ಷಕ್ಕೆ ಸುಮಾರು ಎರಡೂವರೆ ಟನ್ ಹೆಚ್ಚು ಬಿಡುತ್ತದೆ. ಹೊಸ ಕಾರನ್ನು ತಯಾರಿಸುವಾಗಲೂ ಉಕ್ಕು, ಗಾಜು, ಪ್ಲಾಸ್ಟಿಕ್‌ಗಾಗಿ ಹಲವು ಟನ್ ಹೊರಬರುತ್ತದೆ. ಅದನ್ನು ಐದು ಟನ್ ಎಂದು ಹಿಡಿದರೆ, ಎರಡು ವರ್ಷದಲ್ಲಿ ಹೊಸ ಕಾರು ಆ ಬಾಕಿ ತೀರಿಸಿಬಿಡುತ್ತದೆ. ಹಾಗಾಗಿ ದೂರದ ದಿನನಿತ್ಯದ ಓಡಾಟಕ್ಕೆ ಹಳೆಯ ಕಾರು ಜೇಬಿಗೂ ನಷ್ಟ, ಗಾಳಿಗೂ ನಷ್ಟ.

ಈಗ ಊರೊಳಗಿನ ಲೆಕ್ಕ. ದಿನಕ್ಕೆ 10 ಕಿಲೋಮೀಟರ್, ತಿಂಗಳಿಗೆ 250. ಹಳೆಯದಕ್ಕೆ 25 ಲೀಟರ್, ಹೊಸದಕ್ಕೆ 14. ವ್ಯತ್ಯಾಸ 11 ಲೀಟರ್, 1,100 ರೂಪಾಯಿ. ಇದಕ್ಕಾಗಿ ಯಾರಾದರೂ ಹತ್ತು ಸಾವಿರದ ಕಂತು ಹೊರುತ್ತಾರೆಯೇ? ಇಂಗಾಲದ ಲೆಕ್ಕದಲ್ಲೂ ವರ್ಷಕ್ಕೆ 300 ಕಿಲೋ ಮಾತ್ರ ಹೆಚ್ಚು. ಹೊಸ ಕಾರಿನ ತಯಾರಿಕೆಯ ಐದು ಟನ್ ತೀರಲು ಹದಿನಾರು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಆ ಹೊಸ ಕಾರೇ ಹಳೆಯದಾಗಿ ನವೀಕರಣಕ್ಕೆ ಸಾಲಿನಲ್ಲಿ ನಿಂತಿರುತ್ತದೆ.

ಆದರೆ ಹೊಗೆ ಎಂದರೆ ಇಂಗಾಲದ ಡೈಆಕ್ಸೈಡ್ ಒಂದೇ ಅಲ್ಲ. ನಮ್ಮ ಶ್ವಾಸಕೋಶಕ್ಕೆ ಹತ್ತಿರದ ಶತ್ರುಗಳು ಕಾರ್ಬನ್ ಮಾನಾಕ್ಸೈಡ್ ಮತ್ತು ಅರೆ ಉರಿದ ಪೆಟ್ರೋಲಿನ ಹೈಡ್ರೋಕಾರ್ಬನ್. ಕಾರ್ಬುರೇಟರ್ ಕಾಲದ ಹೆಚ್ಚಿನ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಇಲ್ಲ. ಎಮಿಷನ್ ಟೆಸ್ಟಿನ ನಿಯಮವೇ ಹಳೆಯ ಪೆಟ್ರೋಲ್ ಕಾರಿಗೆ ನೂರಕ್ಕೆ 3ರಷ್ಟು ಕಾರ್ಬನ್ ಮಾನಾಕ್ಸೈಡ್ ಬಿಡಲು ಅವಕಾಶ ಕೊಡುತ್ತದೆ. ಬಿಎಸ್-4 ಕಾರಿಗೆ ಮಿತಿ 0.3. ಹತ್ತು ಪಟ್ಟು ವ್ಯತ್ಯಾಸ. ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಮುಂದೆ ಇಂಜಿನ್ ಆಫ್ ಮಾಡದೆ ನಿಂತ ಹಳೆಯ ಗಾಡಿಯನ್ನು ನಾನು ಸಮರ್ಥಿಸುವುದಿಲ್ಲ. ಊರೊಳಗೆ ಓಡಿಸುವವರು ಕಾರ್ಬುರೇಟರ್ ಟ್ಯೂನಿಂಗ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಕಡೆಗೆ ಗಮನ ಕೊಟ್ಟರೆ ಹೊಗೆ ಗಮನಾರ್ಹವಾಗಿ ಇಳಿಯುತ್ತದೆ. ಅದಕ್ಕೆ ಬೇಕಾದ್ದು ಹೆಚ್ಚು ದುಡ್ಡಲ್ಲ, ಮನಸ್ಸು.

ಮೂರನೆಯ ತೊಡಕು ಹೊಸದು: ಎಥನಾಲ್. 2023ರ ಫೆಬ್ರವರಿ 6ರಂದು ನಮ್ಮ ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲೇ ಪ್ರಧಾನಿಯವರು ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರು ಭಾಗದಲ್ಲಿ ಇಪ್ಪತ್ತು ಭಾಗ ಎಥನಾಲ್. ಕಬ್ಬು, ಜೋಳ ಬೆಳೆಯುವ ರೈತರಿಗೆ ಇದರಿಂದ ಲಾಭವಿದೆ, ಹೊರದೇಶದ ಕಚ್ಚಾತೈಲದ ಖರ್ಚೂ ಇಳಿಯುತ್ತದೆ. ಆದರೆ ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದು ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಕಾರಿನ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಗ್ಯಾಸ್ಕೆಟ್‌ಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಅವು ಉಬ್ಬುತ್ತವೆ, ಬಿರಿಯುತ್ತವೆ. ಪೆಟ್ರೋಲ್ ಪೈಪ್ ಬಿರಿದು ಬಿಸಿ ಇಂಜಿನ್ನಿನ ಮೇಲೆ ತೊಟ್ಟಿಕ್ಕಿದರೆ ಬೆಂಕಿ. ಹಳೆಯ ಕಾರು ಇಟ್ಟುಕೊಂಡವರು ಮೊದಲು ಮಾಡಬೇಕಾದ ಕೆಲಸ ಸಂಗೀತದ ಸಿಸ್ಟಮ್ ಹಾಕಿಸುವುದಲ್ಲ, ಈ ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸುವುದು.

ದಿನಾ ಓಡಿಸುವವರಿಗೆ ಅಬ್ಬಾ ಹೇಳುವ ಮಾತುಗಳನ್ನು ಇಲ್ಲಿ ಕೊಡುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ನೀರು, ಆಯಿಲ್, ಫ್ಯಾನ್ ಬೆಲ್ಟ್ ನೋಡಿ. ಗಾಡಿ ನಿಂತ ಜಾಗದಲ್ಲಿ ನೆಲ ನೋಡಿ. ತೊಟ್ಟಿಕ್ಕಿದ್ದು ಏನೆಂದು ನೆಲವೇ ಹೇಳುತ್ತದೆ. ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ ತುಂಬಿಸಿ ಸುಮ್ಮನಾಗಬೇಡಿ, ಎಲ್ಲಿ ಹೋಗುತ್ತಿದೆ ಹುಡುಕಿ. ಫ್ಯಾನ್ ಇಂಜಿನ್ ಜೊತೆಗೇ ತಿರುಗುವ ಕಾರು ಟ್ರಾಫಿಕ್‌ನಲ್ಲಿ ನಿಂತರೆ ಬಿಸಿಯಾಗುತ್ತದೆ, ಏಕೆಂದರೆ ಇಂಜಿನ್ ನಿಧಾನವಾದಾಗ ಫ್ಯಾನೂ ನಿಧಾನ. ಹಾಗೆ ಬಿಸಿಯಾದಾಗ ರೇಡಿಯೇಟರ್ ಮುಚ್ಚಳವನ್ನು ತಕ್ಷಣ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಬೇಸಿಗೆಯಲ್ಲಿ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಕಾಯಿರಿ. ಬೆಲ್ಟ್ ಇಲ್ಲದ ಕಾರಿಗೆ ಬೆಲ್ಟ್ ಹಾಕಿಸಿ. ಬರೀ ತಗಡಿಗೆ ಬೋಲ್ಟ್ ಬಿಗಿದರೆ ಸಾಲದು, ಹಿಂದೆ ದಪ್ಪ ಪ್ಲೇಟ್ ಕೊಟ್ಟು ಬಿಗಿಸಬೇಕು. ಮತ್ತೆ, ‘ಅಡ್ಜಸ್ಟ್ ಮಾಡಿ ಸಾಬ್ರೇ’ ಎಂಬ ಮಾತನ್ನು ಬ್ರೇಕಿನ ವಿಷಯದಲ್ಲಿ ಮಾತ್ರ ಹೇಳಬೇಡಿ.

ಇಂಥ ಕಾರು ಓಡುತ್ತಿರುವುದು ಅದರ ಮಾಲೀಕರಿಂದ ಮಾತ್ರವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ, ಶಿವಾಜಿನಗರದ ಗುಜರಿ, ಲೇತ್ ಮೆಷಿನ್ನಿನ ಮುಂದೆ ನಿಂತು ಎಲ್ಲೂ ಸಿಗದ ಬುಷ್‌ ಒಂದನ್ನು ಕಡೆದುಕೊಡುವ ಕೈ, ಟಿಂಕರಿಂಗ್ ಮಾಡುವ ಕೈ, ಇವರೆಲ್ಲರಿಂದ. ಈ ಕೈಗಳಲ್ಲಿ ಬಹಳಷ್ಟು ನಮ್ಮ ಸಮುದಾಯದವು. ಇಂಜಿನ್ನಿನ ಸದ್ದು ಕೇಳಿ ಟಪ್ಪೆಟ್ ಸಡಿಲವೋ ಟೈಮಿಂಗ್ ತಪ್ಪಿದೆಯೋ ಹೇಳುವವರು ಯಾವ ಸರ್ಟಿಫಿಕೇಟನ್ನೂ ಗೋಡೆಗೆ ತೂಗುಹಾಕಿಲ್ಲ. ಕಾಲೇಜು ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಜಾಗದಲ್ಲಿ ‘ಮೆಕ್ಯಾನಿಕ್’ ಎಂದು ಬರೆಯಲು ಹಿಂಜರಿದು ‘ಬಿಸಿನೆಸ್’ ಎಂದು ಬರೆಯುವವರು ನಮ್ಮ ನಡುವೆ ಇದ್ದಾರೆ. ನಾನು ಮೆಕ್ಯಾನಿಕ್ ಎಂದೇ ಬರೆದಿದ್ದೇನೆ. ಹಳೆಯ ಕಾರನ್ನು ನೋಡಿ ನಗುವುದಕ್ಕೂ ಈ ಹಿಂಜರಿಕೆಗೂ ಬೇರು ಒಂದೇ.

ಈ ವಿದ್ಯೆ ಮುಂದೇನಾಗುತ್ತದೆ ಎಂಬುದು ನಿಜವಾದ ಚಿಂತೆ. ಹೊಸ ಕಾರನ್ನು ರಿಪೇರಿ ಮಾಡಲು ಕಂಪ್ಯೂಟರ್ ಬೇಕು, ಸ್ಕ್ಯಾನರ್ ಬೇಕು, ಕಂಪನಿಯ ಸಾಫ್ಟ್‌ವೇರ್ ಬೇಕು. ಮೈಸೂರಿನ ಜಾವಾ-ಯೆಜ್ಡಿ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಆ ಬೈಕುಗಳು ಇಂದಿಗೂ ನಮ್ಮ ರಸ್ತೆಯಲ್ಲಿ ಗುಡುಗುತ್ತಿವೆ, ಏಕೆಂದರೆ ಅವನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಉಳಿದಿದ್ದಾರೆ. ಇಂದಿನ ಕಾರಿನ ಕಂಪನಿ ಮುಚ್ಚಿದರೆ ಮೂವತ್ತು ವರ್ಷದ ನಂತರ ಅದು ಓಡುತ್ತದೆಯೇ? ಗ್ಯಾರೇಜಿನ ಅನುಭವವಿರುವ ಮನೆಯ ಮಕ್ಕಳು ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಓದಿ, ಹಳೆಯ ಕೈಚಳಕಕ್ಕೆ ಹೊಸ ವಿದ್ಯೆ ಸೇರಿಸಬೇಕು. ಎಲೆಕ್ಟ್ರಿಕ್ ವಾಹನ ರಿಪೇರಿಗೂ ಸ್ಥಳೀಯ ಮೆಕ್ಯಾನಿಕ್ ಬೇಕೇ ಬೇಕು. ಅದು ಹುಡುಗರಿಗೆ ಮಾತ್ರ ಸೇರಿದ ಕೆಲಸವೂ ಅಲ್ಲ.

ಹಾಗಾದರೆ ಆಗಬೇಕಾದ್ದೇನು? ನನ್ನ ಬೇಡಿಕೆಗಳು ನಾಲ್ಕು.

ಒಂದು, ಎಫ್‌ಸಿ ಎಂಬುದು ನಿಜವಾದ ಪರೀಕ್ಷೆಯಾಗಬೇಕು. ಯಂತ್ರದ ಮೇಲೆ ನಿಲ್ಲಿಸಿ ಬ್ರೇಕ್ ಅಳೆದು, ಹೊಗೆ ಅಳೆದು, ತಗಡಿನ ತುಕ್ಕು ನೋಡಿ, ಪಾಸಾದರೆ ಕಡಿಮೆ ಶುಲ್ಕದಲ್ಲಿ ಬಿಡಬೇಕು, ಪಾಸಾಗದಿದ್ದರೆ ಎಷ್ಟೇ ದುಡ್ಡು ಕಟ್ಟಿದರೂ ಬಿಡಬಾರದು. ಹತ್ತು ಸಾವಿರ ಕಟ್ಟಿದ ಮಾತ್ರಕ್ಕೆ ಕೆಟ್ಟ ಬ್ರೇಕ್ ಒಳ್ಳೆಯದಾಗುವುದಿಲ್ಲ. ಈ ತಪಾಸಣೆ ಹದಿನೈದು ವರ್ಷಕ್ಕೆ ಕಾಯದೆ, ಇನ್ನೂ ಬೇಗ ಎಲ್ಲ ಕಾರುಗಳಿಗೂ ಶುರುವಾಗಬೇಕು.

ಎರಡು, ದೂರದ ಓಡಾಟಕ್ಕೆ ಕಾರೇ ಬೇಡದಂತೆ ಮಾಡಬೇಕು. ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ರೈಲು ನಿಲ್ದಾಣಗಳಿವೆ. ಯಲಹಂಕದಲ್ಲಿ ಎರಡೂ ಹಳಿ ಸೇರುತ್ತವೆ. ಕೆಲಸಕ್ಕೆ, ಕಾಲೇಜಿಗೆ ಹೋಗುವ ಹೊತ್ತಿಗೆ ಸಾಕಷ್ಟು ರೈಲು, ಬಸ್ಸು ಇದ್ದರೆ ಯಾರೂ 200 ಲೀಟರ್ ಪೆಟ್ರೋಲ್ ಸುಡುವುದಿಲ್ಲ.

ಮೂರು, ಹಳೆಯ ಕಾರನ್ನು ಇಟ್ಟುಕೊಂಡವರು ಅದನ್ನು ಊರೊಳಗಿನ ಕೆಲಸಕ್ಕೆ ಇಟ್ಟುಕೊಳ್ಳಲಿ. ಅಭಿಮಾನದ ಹೆಸರಲ್ಲಿ ಇಡೀ ಸಂಸಾರವನ್ನು ಬೆಲ್ಟ್ ಇಲ್ಲದ ಸೀಟಿನಲ್ಲಿ ಕೂರಿಸಿ ಹೆದ್ದಾರಿ ಹತ್ತಬೇಡಿ. ಪ್ರೀತಿಯಿಂದ ಉಳಿಸಿಕೊಂಡ ಗಾಡಿಗಿಂತ ಅದರೊಳಗೆ ಕೂತವರು ಮುಖ್ಯ.

ನಾಲ್ಕನೆಯದು ನಮಗೇ. ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಮಾಮುವಿನ ಮಾರುತಿಯನ್ನೋ ದಾದಾನ ಯೆಜ್ಡಿಯನ್ನೋ ರೀಲ್ಸ್‌ಗಾಗಿ ರಸ್ತೆಗೆ ತರುವವರು ಒಂದು ವಿಷಯ ತಿಳಿದಿರಿ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಸಾಲ ಮಾಡದೆ ಕಾರು ಕೊಂಡ ಅಬ್ಬಾ ಆ ದಂಡಕ್ಕಾಗಿ ಸಾಲ ಮಾಡಬೇಕಾಗಿ ಬಂದರೆ ಅದಕ್ಕಿಂತ ದೊಡ್ಡ ದುಂದು ಬೇರೆ ಇಲ್ಲ. ಓಡಿಸುವ ವಯಸ್ಸು ಬರುವವರೆಗೆ ಬಾನೆಟ್ ಎತ್ತಿ ಕಲಿಯೋಣ. ಅದಕ್ಕೆ ಲೈಸೆನ್ಸ್ ಬೇಕಿಲ್ಲ.

ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವ ಕಾರೂ ಗುಜರಿಗೆ ಹೋಗಬೇಕಾಗಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವ ಕಾರೂ ಪೂಜ್ಯವೂ ಅಲ್ಲ. ಬ್ರೇಕ್ ಹಿಡಿಯುತ್ತದೆಯೇ, ಬೆಲ್ಟ್ ಇದೆಯೇ, ಹೊಗೆ ಮಿತಿಯಲ್ಲಿದೆಯೇ, ಹೋಗಬೇಕಾದ ದೂರ ಎಷ್ಟು? ಈ ನಾಲ್ಕು ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಕಾರು 1985ರದ್ದಾದರೂ ರಸ್ತೆಗೆ ಯೋಗ್ಯ. ಕೊಡದ ಕಾರು ಮೊನ್ನೆ ಮೊನ್ನೆ ಕೊಂಡದ್ದಾದರೂ ಅಯೋಗ್ಯ. ಮುಂದಿನ ಸಲ ಗೇಟಿನ ಮುಂದೆ ಹಳೆಯ ಕಾರೊಂದು ಬಂದು ನಿಂತಾಗ ನಗುವ ಮುಂಚೆ ಈ ನಾಲ್ಕನ್ನು ಕೇಳಿ ನೋಡಿ.